ಇಬ್ಬನಿ ಗಿಡದ ಲೆಕ್ಕ

ನಮ್ಮ ಪುಣೆಯ ಮನೆಗೆ ಊರಿನಿಂದ ನೆಂಟರು ಬಂದರೆ ನನ್ನ ಹೆಂಡತಿ ಅವರನ್ನು ಮೊದಲು ದೇವರ ಕೋಣೆಗೆ ಕರೆದೊಯ್ಯುತ್ತಾಳೆ, ನಾನು ಬಾಲ್ಕನಿಗೆ. ದೇವರ ಕೋಣೆಯಲ್ಲಿ ಯಾರೂ ಏನೂ ಕೇಳುವುದಿಲ್ಲ, ಕೈಮುಗಿದು ಬರುತ್ತಾರೆ. ಬಾಲ್ಕನಿಯಲ್ಲಿ ಮಾತ್ರ ಎಲ್ಲರದೂ ಒಂದೇ ಪ್ರಶ್ನೆ. "ಅಲ್ಲ ಮಾರಾಯ್ರೆ, ಮೊಟ್ಟೆಯನ್ನೂ ಒಳಗೆ ತಾರದ ಮನೆಯಲ್ಲಿ ಹುಳ ತಿನ್ನುವ ಗಿಡ ಸಾಕಿದ್ದೀರಲ್ಲ, ಇದೆಂತ ನ್ಯಾಯ?"

ಕೇಳುವವರು ನಗುತ್ತಲೇ ಕೇಳುತ್ತಾರೆ. ನಾನೂ ನಗುತ್ತಲೇ ಏನೋ ಒಂದು ಹೇಳಿ ಚಹಾಕ್ಕೆ ಕರೆಯುತ್ತೇನೆ. ಆದರೆ ಪ್ರಶ್ನೆ ನಕ್ಕು ಬಿಡುವಂಥದ್ದಲ್ಲ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಪುರುಸೊತ್ತಿನಲ್ಲಿ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿದ್ದೇನೆ. ನೋಡಿದಷ್ಟೂ ನೆಂಟರು ತಪ್ಪು ಆರೋಪಿಯನ್ನು ಹಿಡಿದಿದ್ದಾರೆ ಅನ್ನಿಸಿದೆ. ಕಟಕಟೆಯಲ್ಲಿ ನಿಲ್ಲಬೇಕಾದ್ದು ಗಿಡವಲ್ಲ, ಗಿಡದ ಯಜಮಾನ ಎಂದು ಹೇಳಿಕೊಳ್ಳುವ ನಾನು.

ಮೊದಲು ಗಿಡದ ಪರಿಚಯ ಆಗಲಿ. ಇದನ್ನು ಇಂಗ್ಲಿಷಿನಲ್ಲಿ ಸನ್‌ಡ್ಯೂ ಎನ್ನುತ್ತಾರೆ, ಸಸ್ಯಶಾಸ್ತ್ರದವರು ಡ್ರೊಸೆರಾ ಎನ್ನುತ್ತಾರೆ. ಮರಾಠಿಯಲ್ಲಿ ದವಬಿಂದು, ಅಂದರೆ ಇಬ್ಬನಿಯ ಹನಿ. ನಾನು ಇಬ್ಬನಿ ಗಿಡ ಎಂದೇ ಕರೆಯುತ್ತೇನೆ. ಹುಳ ತಿನ್ನುವ ಗಿಡ ಎಂದ ಕೂಡಲೇ ದೊಡ್ಡದೇನನ್ನೋ ಕಲ್ಪಿಸಿಕೊಂಡು ಬಂದವರಿಗೆ ನಿರಾಸೆ ಖಂಡಿತ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಹೇಳುವ ಮೂರು ಜಾತಿಗಳಲ್ಲಿ ಬರ್ಮಾನಿ ಎಂಬುದು ಒಂದು ರೂಪಾಯಿ ನಾಣ್ಯದಷ್ಟು ಅಗಲ, ನೆಲಕ್ಕೆ ಅಂಟಿಕೊಂಡು ಚಕ್ರದ ಹಾಗೆ ಎಲೆ ಹರಡಿರುತ್ತದೆ. ಇಂಡಿಕಾ ಎಂಬುದು ದಾರದಂಥ ಎಲೆಗಳ ಪುಟ್ಟ ಗಿಡ. ಮೂರನೆಯದು ಪೆಲ್ಟಾಟಾ, ಬೆಟ್ಟದ ತಂಪು ಬೇಡುವಂಥದ್ದು. ಪುಣೆಯ ಬೇಸಿಗೆಯಲ್ಲಿ ಅದು ನನ್ನ ಕೈಗೆ ಹತ್ತಲಿಲ್ಲ. ಮೂರಕ್ಕೂ ಎಲೆಯ ಮೇಲೆಲ್ಲ ಸಣ್ಣ ಕೂದಲು, ಪ್ರತಿ ಕೂದಲ ತುದಿಗೆ ಒಂದು ಹನಿ. ಬಿಸಿಲೇರಿದರೆ ಹುಲ್ಲಿನ ಮೇಲಿನ ಇಬ್ಬನಿ ಆರಿಹೋಗುತ್ತದೆ, ಈ ಹನಿ ಆರುವುದಿಲ್ಲ. ಅದು ನೀರಲ್ಲ, ಅಂಟು. ಕೂತ ನೊಣ ಏಳಲಾರದೆ ಒದ್ದಾಡಿದಷ್ಟೂ ಸುತ್ತಲಿನ ಕೂದಲುಗಳು ಅದರ ಕಡೆಗೆ ಬಾಗುತ್ತವೆ. ಬರ್ಮಾನಿಯ ಅಂಚಿನ ಕೂದಲುಗಳಿಗೆ ಅದಕ್ಕೆ ಕೆಲವು ಸೆಕೆಂಡು ಸಾಕು. ಅಂಟು ಮೈಗೆಲ್ಲ ಮೆತ್ತಿ ಹುಳ ಉಸಿರುಕಟ್ಟಿ ಸಾಯುತ್ತದೆ. ಆಮೇಲೆ ಎಲೆಯೇ ಜಠರವಾಗುತ್ತದೆ. ಕೆಲವು ದಿನ ಕಳೆದು ನೋಡಿದರೆ ಉಳಿಯುವುದು ಟೊಳ್ಳು ಚಿಪ್ಪು, ಎರಡು ರೆಕ್ಕೆ.

ಗಿಡ ಯಾಕೆ ಈ ದಾರಿ ಹಿಡಿಯಿತು? ಅದು ಬೆಳೆಯುವ ಜಾಗ ನೋಡಿದರೆ ಗೊತ್ತಾಗುತ್ತದೆ. ಬಂಡೆಯ ಮೇಲಿನ ಎರಡು ಬೆರಳು ದಪ್ಪದ ಮಣ್ಣು, ಮಳೆ ನೀರು ಹರಿದು ಹರಿದು ಸತ್ವವೆಲ್ಲ ತೊಳೆದುಹೋದ ಜೌಗು. ಅಲ್ಲಿ ಬಿಸಿಲಿದೆ, ನೀರಿದೆ, ಸಾರಜನಕ ಇಲ್ಲ, ರಂಜಕ ಇಲ್ಲ. ಬೇರಿಗೆ ಸಿಗದ್ದನ್ನು ಗಿಡ ಎಲೆಯಿಂದ ಸಂಪಾದಿಸಿಕೊಂಡಿತು. ಬೇರೆ ಗಿಡಗಳು ಬದುಕಲಾರದ ಬಡ ನೆಲವೇ ಇದಕ್ಕೆ ಊರಾಯಿತು.

ಚಾರ್ಲ್ಸ್ ಡಾರ್ವಿನ್ 1860ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಸಸೆಕ್ಸ್ ಕಡೆಯ ಒಂದು ಬಯಲಿನಲ್ಲಿ ಇದನ್ನು ಕಂಡು ಬೆರಗಾದ. ಆಗಷ್ಟೇ ಜೀವಿಗಳ ಉಗಮದ ಬಗ್ಗೆ ಪುಸ್ತಕ ಬರೆದು ಜಗತ್ತನ್ನೇ ಅಲ್ಲಾಡಿಸಿದ್ದವನಿಗೆ ಈ ಪುಟ್ಟ ಗಿಡ ಅದಕ್ಕಿಂತ ಹೆಚ್ಚು ಮುಖ್ಯ ಎನ್ನುವಷ್ಟು ಮರುಳು ಹತ್ತಿತು. ಎಲೆಯ ಮೇಲೆ ಮಾಂಸದ ಚೂರು ಇಟ್ಟ, ಹಾಲು ಹಾಕಿದ, ಗಾಜಿನ ಚೂರು ಇಟ್ಟ, ತಲೆಗೂದಲಿನ ತುಂಡು ಇಟ್ಟ. ಮಳೆಹನಿ ಬಿದ್ದರೆ ಗಿಡ ಲೆಕ್ಕಿಸುವುದಿಲ್ಲ, ಆಹಾರವಾಗಬಲ್ಲದ್ದು ಬಿದ್ದರೆ ಬಿಡುವುದಿಲ್ಲ ಎಂದು ಕಂಡುಕೊಂಡ. 1875ರಲ್ಲಿ ಕೀಟಾಹಾರಿ ಸಸ್ಯಗಳ ಮೇಲೆ ಒಂದು ಪುಸ್ತಕವನ್ನೇ ಬರೆದ. ಹುಳದಿಂದ ಗಿಡಕ್ಕೆ ನಿಜವಾಗಿ ಲಾಭ ಇದೆಯೇ ಎಂಬುದನ್ನು ಅವನ ಮಗ ಫ್ರಾನ್ಸಿಸ್ ಪರೀಕ್ಷಿಸಿ 1878ರಲ್ಲಿ ಪ್ರಕಟಿಸಿದ. ಆಹಾರ ಕೊಟ್ಟ ಗಿಡಗಳು ಹೆಚ್ಚು ಬೀಜ ಕಟ್ಟಿದ್ದವು.

ಆದ್ದರಿಂದ ಗಿಡದ ಮೇಲಿನ ಮೊಕದ್ದಮೆ ಅಲ್ಲಿಗೇ ವಜಾ. ಅದಕ್ಕೆ ಬೇರೆ ದಾರಿ ಇಲ್ಲ. ಇದೆ, ಇಲ್ಲ ಎಂದು ಆಲೋಚಿಸುವ ಮನಸ್ಸೂ ಇಲ್ಲ. ಹಿಂಸೆ ಎಂಬ ಮಾತು ಬೇರೆ ದಾರಿ ಇರುವವನಿಗೆ ಮಾತ್ರ ಅನ್ವಯಿಸುತ್ತದೆ. ಇನ್ನು ಮೊಟ್ಟೆ ತಾರದ ಮನೆ ಎಂದು ನಾವು ಬೀಗುವಷ್ಟೇನೂ ಇಲ್ಲ. ನಮ್ಮ ತಟ್ಟೆಯ ಅನ್ನ ಗದ್ದೆಯಲ್ಲಿದ್ದಾಗ ಅದಕ್ಕಾಗಿ ಸತ್ತ ಹುಳಗಳ ಲೆಕ್ಕ ಇಟ್ಟವರು ಯಾರು?

ಯಜಮಾನನ ಮೇಲಿನ ಮೊದಲ ಆರೋಪ ಹೊರಿಸಿದ್ದು ನನ್ನ ಹೆಂಡತಿ. ಗಿಡ ಸಾಕಲು ಶುರುಮಾಡಿದ ಹೊಸತರಲ್ಲಿ ನನಗೊಂದು ಚಟ ಇತ್ತು. ಯಾರಾದರೂ ಮಕ್ಕಳು ಬಂದರೆ ಗೋಡೆಯ ಮೇಲೆ ಹೋಗುವ ಇರುವೆಯನ್ನು ಚಿಮಟದಲ್ಲಿ ಹಿಡಿದು ಎಲೆಯ ಮೇಲೆ ಇಟ್ಟು ತೋರಿಸುತ್ತಿದ್ದೆ. ಮಕ್ಕಳು ಕಿರುಚಿ ಚಪ್ಪಾಳೆ ತಟ್ಟುತ್ತಿದ್ದರು. ಅಮೆರಿಕದ ಕೆರೊಲಿನಾ ರಾಜ್ಯಗಳ ಮೂಲದ ವೀನಸ್ ಫ್ಲೈಟ್ರ್ಯಾಪ್ ಕೂಡ ಒಂದಿತ್ತು. ಅದರ ಬಾಯೊಳಗಿನ ಸಣ್ಣ ಕೂದಲನ್ನು ಸುಮಾರು ಇಪ್ಪತ್ತು ಸೆಕೆಂಡಿನೊಳಗೆ ಎರಡು ಸಲ ಮುಟ್ಟಿದರೆ ಬಾಯಿ ಟಪ್ಪನೆ ಮುಚ್ಚುತ್ತದೆ. ಒಂದು ಸಲ ಮುಟ್ಟಿದರೆ ಮುಚ್ಚುವುದಿಲ್ಲ; ಗಾಳಿಗೆ ಬಿದ್ದ ಕಸಕ್ಕೆ ಶಕ್ತಿ ಪೋಲು ಮಾಡಬಾರದೆಂಬ ಮಿತವ್ಯಯ ಅದು. ಆ ಮಿತವ್ಯಯಿಯ ಬಾಯಿಗೆ ನಾನು ದಿನಕ್ಕೆ ಹತ್ತು ಸಲ ಪೆನ್ಸಿಲ್ ಹಾಕಿ ತೋರಿಸುತ್ತಿದ್ದೆ. ಬರಿಬಾಯಿ ಮುಚ್ಚಿ ತೆರೆದು ಮುಚ್ಚಿ ತೆರೆದು ಎಲೆಗಳು ಒಂದೊಂದಾಗಿ ಕಪ್ಪಾದವು.

ಹೆಂಡತಿ ಇದನ್ನೆಲ್ಲ ನೋಡಿ ಒಂದು ದಿನ ಹೇಳಿದಳು: "ಗಿಡಕ್ಕೆ ಹಸಿವಾದರೆ ಅದೇ ಹಿಡ್ಕೊಳ್ಳಲಿ. ನೀವೆಂತಕ್ಕೆ ನಡುವೆ ದಲ್ಲಾಳಿ ಕೆಲಸ ಮಾಡುದು?"

ನಲವತ್ತು ವರ್ಷದ ಹತ್ತಿರ ಬ್ಯಾಂಕಿನಲ್ಲಿ ದುಡಿದವನಿಗೆ ದಲ್ಲಾಳಿ ಎಂಬ ಮಾತು ಚುಚ್ಚಬೇಕಾದ ಕಡೆಗೇ ಚುಚ್ಚಿತು. ಅವಳು ಹೇಳಿದ್ದರಲ್ಲಿ ಸೂಕ್ಷ್ಮ ಇದೆ. ನೊಣ ತಾನಾಗಿ ಬಂದು ಕೂರುವುದು, ಗಿಡ ಹಿಡಿಯುವುದು ಅವರಿಬ್ಬರ ನಡುವಿನ ಹಳೆಯ ವ್ಯವಹಾರ. ನೊಣಕ್ಕೆ ತಪ್ಪಿಸಿಕೊಳ್ಳುವ ಅವಕಾಶ ಇದೆ, ಗಿಡಕ್ಕೆ ಉಪವಾಸದ ಸಾಧ್ಯತೆ ಇದೆ. ನಾನು ಚಿಮಟ ಹಿಡಿದು ಬಂದಾಗ ಹಸಿದದ್ದು ಗಿಡವಲ್ಲ, ನನ್ನ ಕಣ್ಣು. ಇರುವೆ ಸತ್ತದ್ದು ಗಿಡದ ಹೊಟ್ಟೆಗಲ್ಲ, ನೆಂಟರ ಚಪ್ಪಾಳೆಗೆ. ಅಂದಿನಿಂದ ಚಿಮಟ ಡ್ರಾಯರಿಗೆ ಹೋಯಿತು. ಹೊರಗೆ ಬಿಸಿಲು ಗಾಳಿಯಲ್ಲಿಟ್ಟ ಗಿಡ ತನ್ನ ಊಟ ತಾನೇ ನೋಡಿಕೊಳ್ಳುತ್ತದೆ.

ಎರಡನೆಯ ಆರೋಪ ಇದಕ್ಕಿಂತ ಹಳೆಯದು. ಅದನ್ನು ನನ್ನ ಮೇಲೆ ಯಾರೂ ಹೊರಿಸಿಲ್ಲ, ನಾನೇ ಹೊರಿಸಿಕೊಂಡದ್ದು.

1995ರಲ್ಲಿ ನನಗೆ ಸಾತಾರಕ್ಕೆ ವರ್ಗವಾಗಿತ್ತು. ಒಂದು ಸೆಪ್ಟೆಂಬರ್ ಭಾನುವಾರ ಮರಾಠಿ ಸಹೋದ್ಯೋಗಿಯೊಬ್ಬರು ತಮ್ಮ ಸ್ಕೂಟರಿನಲ್ಲಿ ಕೂರಿಸಿಕೊಂಡು ಊರಿನಿಂದ ಸುಮಾರು 25 ಕಿಲೋಮೀಟರ್ ದೂರದ ಕಾಸ್ ಪಠಾರಕ್ಕೆ ಕರೆದೊಯ್ದರು. ಸಮುದ್ರ ಮಟ್ಟದಿಂದ ಸುಮಾರು 1200 ಮೀಟರ್ ಎತ್ತರದ ಜಂಬಿಟ್ಟಿಗೆ ಕಲ್ಲಿನ ಬಯಲು ಅದು. ಬೇಸಿಗೆಯಲ್ಲಿ ಬರಿ ಕಪ್ಪು ಬಂಡೆ, ಮಳೆ ಮುಗಿಯುವ ಹೊತ್ತಿಗೆ ಹೂವಿನ ಹಾಸು. ಆಗ ಅದಕ್ಕೆ ಇಂದಿನ ಹೆಸರಿರಲಿಲ್ಲ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕಾಸ್ ಕೂಡ ಅದರಲ್ಲಿ ಸೇರಿತು. ಆಮೇಲೆ ಜನ ಮುಗಿಬಿದ್ದು, ಪ್ರವೇಶಕ್ಕೆ ಶುಲ್ಕ, ಸಂಖ್ಯೆಗೆ ಮಿತಿ ಎಲ್ಲ ಬಂತು. ನಾವು ಹೋದ ದಿನ ನಾವಿಬ್ಬರು, ನಾಲ್ಕು ಎಮ್ಮೆ, ಅಷ್ಟೇ.

ಸಹೋದ್ಯೋಗಿ ನೇರಳೆ ಬಣ್ಣದ ಪುಟ್ಟ ಹೂವುಗಳ ರಾಶಿ ತೋರಿಸಿ, "ಇದಕ್ಕೆ ನಮ್ಮಲ್ಲಿ ಸೀತೇಚಿ ಆಸವೆ ಅನ್ನುತ್ತಾರೆ," ಎಂದರು. ಸೀತೆಯ ಕಣ್ಣೀರು. ಎಂಥ ಹೆಸರು ಎಂದು ನಾನು ಮರುಗುತ್ತಿರುವಾಗ, ಆ ಹೂವೂ ಕೀಟಾಹಾರಿಯೇ ಎಂಬುದು ನನಗೆ ತಿಳಿದಿರಲಿಲ್ಲ. ಯುಟ್ರಿಕುಲೇರಿಯಾ ಎಂಬ ಈ ಕುಲದ ಗಿಡಗಳು ಕೆಸರಿನೊಳಗೆ ಸಾಸಿವೆಗಿಂತ ಸಣ್ಣ ಚೀಲಗಳನ್ನು ಬಚ್ಚಿಟ್ಟುಕೊಂಡಿರುತ್ತವೆ. ಸೂಕ್ಷ್ಮಜೀವಿ ತಾಗಿದ ಕೂಡಲೇ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಿಮೆ ಹೊತ್ತಿನಲ್ಲಿ ಅದನ್ನು ನೀರಿನ ಸಮೇತ ಒಳಗೆಳೆದುಕೊಳ್ಳುತ್ತವೆ. ಮೇಲೆ ಸೀತೆಯ ಕಣ್ಣೀರು, ಕೆಳಗೆ ಈ ಸಂಸಾರ. ಅದರ ಬದಿಯಲ್ಲೇ ಕೆಂಪಗೆ ಹೊಳೆಯುವ ಇಬ್ಬನಿ ಗಿಡಗಳಿದ್ದವು. ಬಗ್ಗಿ ನೋಡಿದವನು ಮತ್ತೆ ಏಳಲಿಲ್ಲ. ಏಳುವಾಗ ನನ್ನ ಸ್ಟೀಲ್ ಡಬ್ಬಿಯಲ್ಲಿ, ಮಧ್ಯಾಹ್ನದ ಚಪಾತಿ ಖಾಲಿಯಾದ ಜಾಗದಲ್ಲಿ, ಎಂಟೋ ಒಂಬತ್ತೋ ಗಿಡಗಳಿದ್ದವು.

ಮನೆಗೆ ತಂದು ನಾನು ಅವಕ್ಕೆ ಮಾಡಿದ ಉಪಚಾರ ಕೇಳಿ. ಒಳ್ಳೆಯ ಮಣ್ಣಿನ ಕುಂಡ, ಸೆಗಣಿ ಗೊಬ್ಬರ, ಎರಡು ಹೊತ್ತು ನಲ್ಲಿ ನೀರು, ಬಿಸಿಲು ತಾಗದಂತೆ ನೆರಳು. ಎರಡು ವಾರದೊಳಗೆ ಎಲ್ಲವೂ ಕರಗಿಹೋದವು. ಆಗ ನನಗಾದದ್ದು ಬೇಸರ, ಅಪರಾಧ ಪ್ರಜ್ಞೆಯಲ್ಲ. ಇನ್ನೊಮ್ಮೆ ಹೋಗಿ ತಂದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಮತ್ತೆ ವರ್ಗವಾಯಿತು. ಆ ವರ್ಗದಿಂದ ಬದುಕಿಕೊಂಡ ಗಿಡಗಳೆಷ್ಟೋ.

ಹದಿನೈದು ವರ್ಷದ ಮೇಲೆ, ಪುಣೆಯಲ್ಲಿ ಸ್ವಂತ ಮನೆ ಮಾಡಿಕೊಂಡ ಮೇಲೆ, ಸರಿಯಾಗಿ ಕಲಿತೆ. ಗುಲಾಬಿಗೆ ಯಾವುದು ಅಮೃತವೋ ಅದು ಇದಕ್ಕೆ ವಿಷ. ಗೊಬ್ಬರ ಬೇರನ್ನು ಸುಡುತ್ತದೆ. ನಮ್ಮ ಸೊಸೈಟಿಯ ಬೋರ್‌ವೆಲ್ ನೀರಿನ ಉಪ್ಪಿನಂಶ ನಿಧಾನವಾಗಿ ಕೊಲ್ಲುತ್ತದೆ. ಮಣ್ಣಿನ ಕುಂಡದಿಂದಲೂ ಲವಣ ಇಳಿಯುತ್ತದೆ, ಪ್ಲಾಸ್ಟಿಕ್ ಕುಂಡವೇ ವಾಸಿ. ಚೆನ್ನಾಗಿ ತೊಳೆದ ಮರಳು, ಪೀಟ್ ಎಂಬ ಕೊಳೆತ ಪಾಚಿಯ ಪುಡಿ, ಅಡಿಯಲ್ಲಿ ತಟ್ಟೆ, ತಟ್ಟೆಯಲ್ಲಿ ಸದಾ ಬೆರಳಗಲ ನೀರು, ಮೇಲೆ ಐದಾರು ಗಂಟೆಯ ಬಿಸಿಲು. ನೀರೆಂದರೆ ಮಳೆ ನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡ್ರಮ್ಮುಗಳಲ್ಲಿ ಹಿಡಿದಿಡುತ್ತೇನೆ. ಅದು ಮುಗಿದರೆ ಎ.ಸಿ.ಯಿಂದ ತೊಟ್ಟಿಕ್ಕುವ ನೀರು. ಕೆಳಗಿನ ಮನೆಯ ಆಜಿಗೆ ಇದು ಗೊತ್ತಾಗಿ ತಮ್ಮ ಎ.ಸಿ.ಯ ನೀರನ್ನೂ ಬಕೆಟಿನಲ್ಲಿ ಹಿಡಿದು ಮೊಮ್ಮಗನ ಕೈಲಿ ಕಳಿಸುತ್ತಾರೆ.

ನಮಗೆ ಒಳ್ಳೆಯದೆಂದು ತೋರಿದ್ದನ್ನು ಧಾರಾಳವಾಗಿ ಕೊಡುವುದನ್ನೇ ನಾವು ಪ್ರೀತಿ ಅನ್ನುತ್ತೇವೆ. ಎದುರಿನ ಜೀವಕ್ಕೆ ಏನು ಬೇಕು, ಅದಕ್ಕಿಂತ ಹೆಚ್ಚಾಗಿ ಏನು ಬೇಡ ಎಂದು ಕೇಳಿಕೊಳ್ಳುವ ತಾಳ್ಮೆ ಕಡಿಮೆ. ಮಕ್ಕಳನ್ನು ಊರೂರಿಗೆ ಎಳೆದುಕೊಂಡು ಹೋಗಿ ಪ್ರತಿ ಊರಲ್ಲೂ ಒಳ್ಳೆಯ ಶಾಲೆಗೇ ಸೇರಿಸಿದೆ ಎಂದು ಹೆಮ್ಮೆ ಪಡುವ ನನ್ನಂಥ ವರ್ಗಾವಣೆಯ ನೌಕರರು ಇದನ್ನು ಸ್ವಲ್ಪ ಯೋಚಿಸಬೇಕು. ಆ ಮಾತು ಇಲ್ಲಿಗೆ ಸಾಕು.

ಗಿಡ ಬದುಕತೊಡಗಿದ ಮೇಲೆ ಸಂಗ್ರಹದ ಹುಚ್ಚು ಹಿಡಿಯಿತು. ಒಂದು ಕಾಲಕ್ಕೆ ಬಾಲ್ಕನಿಯಲ್ಲಿ 61 ಕುಂಡಗಳಿದ್ದವು. ಪ್ರತಿಯೊಂದಕ್ಕೂ ನಂಬರು, ಲೆಡ್ಜರಿನಂಥ ಪುಸ್ತಕದಲ್ಲಿ ಒಂದು ಪುಟ. ಇದ್ದದ್ದನ್ನು ನೋಡಿ ಸಂತೋಷಪಡುವುದು ಕಡಿಮೆಯಾಗಿ, ಇಲ್ಲದ್ದರ ಪಟ್ಟಿ ಮಾಡುವುದು ಹೆಚ್ಚಾಯಿತು.

ಆ ಪಟ್ಟಿಯ ಮೇಲ್ಭಾಗದಲ್ಲಿ ಮೇಘಾಲಯದ ಹೂಜಿ ಗಿಡ ಇತ್ತು, ನೆಪೆಂಥಿಸ್ ಖಾಸಿಯಾನಾ. ನಮ್ಮ ದೇಶದಲ್ಲಿರುವ ಏಕೈಕ ನೆಪೆಂಥಿಸ್ ಅದು. ಎಲೆಯ ತುದಿಯಿಂದ ಬಳ್ಳಿ ಇಳಿದು, ಅದರ ತುದಿ ಮುಚ್ಚಳವಿರುವ ಹೂಜಿಯಾಗುತ್ತದೆ. ಅಂಚಿನಲ್ಲಿ ಜಾರಿದ ಹುಳ ಒಳಗಿನ ದ್ರವದಲ್ಲಿ ಮುಳುಗುತ್ತದೆ. ಗಾರೋ ಜನ ಅದನ್ನು ಭೂತದ ಬುಟ್ಟಿ ಎಂಬ ಅರ್ಥದಲ್ಲಿ ಮೆಮಾಂಗ್ ಕೋಕ್ಸಿ ಎನ್ನುತ್ತಾರೆ. ಗಾರೋ ಬೆಟ್ಟಗಳ ಬಾಘ್ಮಾರದಲ್ಲಿ ಅದಕ್ಕಾಗಿಯೇ ಒಂದು ಪುಟ್ಟ ಅಭಯಾರಣ್ಯ ಇದೆ. ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತ್ಯಂತ ಬಿಗಿ ನಿರ್ಬಂಧವಿರುವ ಸೈಟಿಸ್ ಮೊದಲ ಪಟ್ಟಿಯಲ್ಲಿ ಅದು ಸೇರಿದೆ, ನಮ್ಮ ವನ್ಯಜೀವಿ ಕಾಯ್ದೆಯ ರಕ್ಷಿತ ಸಸ್ಯಗಳ ಪಟ್ಟಿಯಲ್ಲೂ ಇದೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು ಎಂದು ಬರೆದರೆ ಅರ್ಧ ಸತ್ಯವಾದೀತು. ಅಪರೂಪದ್ದು ಎಂದು ತಿಳಿದಿತ್ತು; ಅಪರೂಪದ್ದು ಎಂದೇ ಬೇಕಾಗಿತ್ತು.

2013ರಲ್ಲಿ ಒಬ್ಬ ವ್ಯಾಪಾರಿ ಗಿಡ ತಂದುಕೊಟ್ಟ. ದೊಡ್ಡ ಗಿಡ. ಕುಂಡದಲ್ಲಿ ಬೆಳೆದದ್ದರ ಹಾಗೆ ಕಾಣಲಿಲ್ಲ. ಕಾಂಡ ಮುದಿ, ಬೇರು ಹರಿದಿತ್ತು, ಬುಡದಲ್ಲಿ ಕಾಡಿನ ಪಾಚಿ, ಒಂದು ಬದಿಯಲ್ಲಿ ಸುಟ್ಟ ಗುರುತು. ನಾನು ಎಲ್ಲವನ್ನೂ ನೋಡಿದೆ. ಏನೂ ಕೇಳಲಿಲ್ಲ. ದುಡ್ಡು ಎಣಿಸಿಕೊಟ್ಟೆ.

ಯಾರು ಕೇಳದಿದ್ದರೂ ನಾನು ಕೇಳಬೇಕಿತ್ತು. 2002ರಲ್ಲಿ ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮ ಬಂದ ಮೇಲೆ, ಖಾತೆ ತೆರೆಯಲು ಬಂದ ಪ್ರತಿಯೊಬ್ಬರಿಗೂ ಗುರುತು ಎಲ್ಲಿ, ವಿಳಾಸ ಎಲ್ಲಿ, ಹಣ ಎಲ್ಲಿಯದು ಎಂದು ಕೇಳಿದವನು ನಾನು. ಹಳ್ಳಿಯಿಂದ ಬಂದ ಮುದುಕಿಯನ್ನೂ ಪಡಿತರ ಚೀಟಿಗೆಂದು ವಾಪಸ್ ಕಳಿಸಿದ್ದೇನೆ. ಗಿಡದ ವಿಷಯದಲ್ಲಿ ನನ್ನ ನಿಯಮ ಎಲ್ಲಿ ಹೋಗಿತ್ತು? ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಗಿಡ ಬಿಡಬೇಕಾಗುತ್ತದೆ. ಅದಕ್ಕೇ ಕೇಳಲಿಲ್ಲ. ಗೊತ್ತಿಲ್ಲದೆ ಮಾಡಿದ ತಪ್ಪು ಒಂದು, ಗೊತ್ತಾಗದಿರಲಿ ಎಂದು ಎಚ್ಚರ ವಹಿಸಿ ಮಾಡಿದ ತಪ್ಪು ಇನ್ನೊಂದು. ಕಾಸ್‌ನಲ್ಲಿ ಮಾಡಿದ್ದು ಮೊದಲನೆಯದು, ಇದು ಎರಡನೆಯದು.

ಪುಣೆಯ ಏಪ್ರಿಲ್ಲಿನ ಒಣಗಾಳಿಗೆ ಹೂಜಿಗಳು ಒಂದೊಂದಾಗಿ ಸುಕ್ಕಾದವು, ಮೇ ತಿಂಗಳಲ್ಲಿ ಗಿಡ ಸತ್ತಿತು. ಆ ವ್ಯಾಪಾರಿ ಮತ್ತೆ ಬಂದಾಗ ಕಡೆಗೂ ಕೇಳಿದೆ. ಅವನೇನೂ ಮುಚ್ಚಿಡಲಿಲ್ಲ. "ಕಾಡಿನದೇ ಸಾಹೇಬ್. ನಾವು ತರದಿದ್ದರೆ ಅಲ್ಲಿ ಹೇಗೂ ಸುಟ್ಟು ಹೋಗುತ್ತಿತ್ತು. ಕುಮರಿ ಬೇಸಾಯಕ್ಕೆ ಬೆಂಕಿ ಹಾಕುತ್ತಾರೆ, ಕಲ್ಲಿದ್ದಲಿಗೆ ಗುಡ್ಡ ಅಗೆಯುತ್ತಾರೆ." ಅವನು ಹೇಳಿದ್ದು ಸುಳ್ಳೂ ಅಲ್ಲ. ಹೇಗೂ ಹಾಳಾಗುತ್ತದೆ ಎಂಬ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅದರಿಂದ ಮತ್ತೆ ಗಿಡ ಕೊಳ್ಳಲಿಲ್ಲ, ಮಾತು ಮಾತ್ರ ಉಳಿಯಿತು.

ಈಗ ಊರಿಗೆ ಬರುತ್ತೇನೆ. ನನ್ನೂರು ಉಡುಪಿಯ ಕಡೆ. ಮನೆಯ ಹಿಂದೆ ಗುಡ್ಡ ಹತ್ತಿದರೆ ಮುರಕಲ್ಲಿನ ಪಾದೆ. ಬಾಲ್ಯದಲ್ಲಿ ಶಾಲೆಗೆ ಅದರ ಮೇಲೇ ಅಡ್ಡದಾರಿ. ಬರಿಗಾಲಲ್ಲಿ ಓಡುತ್ತಿದ್ದೆವು, ಮಳೆಗಾಲದಲ್ಲಿ ಕಲ್ಲಿನ ಗುಂಡಿಗಳಲ್ಲಿ ನಿಂತ ನೀರು ಎರಚಾಡುತ್ತಿದ್ದೆವು. 2018ರಲ್ಲಿ ಚೌತಿಗೆ ಹೋದವನು ಸಂಜೆ ಸುಮ್ಮನೆ ಪಾದೆ ಹತ್ತಿದೆ. ಇಳಿಬಿಸಿಲಲ್ಲಿ ಹುಲ್ಲಿನ ನಡುವೆ ಏನೋ ಕೆಂಪಗೆ ಮಿನುಗಿತು. ಮಂಡಿಯೂರಿದೆ. ಡ್ರೊಸೆರಾ ಇಂಡಿಕಾ. ಒಂದಲ್ಲ ಎರಡಲ್ಲ, ಕಣ್ಣು ಹೊಂದಿಕೊಂಡಂತೆ ಪಾದೆಯ ಆ ಬದಿಯೆಲ್ಲ ಅದೇ. ಜೊತೆಗೆ ಬಂದಿದ್ದ ಚಿಕ್ಕಪ್ಪನ ಮಗ ಕೇಳಿದ: "ಎಂತ ಅಣ್ಣ, ಎಂತ ಹುಡುಕುದು? ಬೀಗದಕೈ ಬಿತ್ತಾ?"

ಏನೆಂದು ಹೇಳಲಿ? ನಾನು ಸಾತಾರದ ತುದಿಯಲ್ಲಿ ಕದ್ದು ತಂದದ್ದು, ಪುಣೆಯಲ್ಲಿ ಮಳೆನೀರು ಹಿಡಿದು ಸಾಕಿದ್ದು, ಅದನ್ನು ಏಳನೇ ಕ್ಲಾಸಿನವರೆಗೆ ದಿನವೂ ತುಳಿದುಕೊಂಡು ಶಾಲೆಗೆ ಹೋಗಿದ್ದೆ. ಒಮ್ಮೆಯೂ ನೋಡಿರಲಿಲ್ಲ. ನೋಡುವ ಕಣ್ಣು ಬರಲು ಊರು ಬಿಡಬೇಕಾಯಿತು. ಹೊರನಾಡಿನಲ್ಲಿರುವ ನಮ್ಮಲ್ಲಿ ಅನೇಕರ ಕನ್ನಡದ ಕಥೆಯೂ ಇದೇ. ಆದರೆ ಹಾಗೆಂದು ಊರು ಬಿಟ್ಟದ್ದೇ ದೊಡ್ಡ ಪುಣ್ಯ ಎನ್ನುವಂತಿಲ್ಲ. ನಾವು ನೋಡಲು ಕಲಿಯುವ ಹೊತ್ತಿಗೆ ನೋಡಬೇಕಾದ್ದು ಅಲ್ಲಿ ಇರಬೇಕಲ್ಲ.

2022ರಲ್ಲಿ ತಮ್ಮನ ಫೋನು ಬಂತು. ಪಾದೆಯ ದೊಡ್ಡ ಭಾಗ ಮಾರಾಟವಾಗಿದೆ, ಕಲ್ಲಿನ ಕೋರೆ ಮಾಡಿ ಆಮೇಲೆ ಸೈಟು ಮಾಡುತ್ತಾರಂತೆ. ಅಕ್ಟೋಬರಿನಲ್ಲಿ ಹೋದೆ. ಜಾಗದವರನ್ನು ಕಂಡು, ಒಂದು ಜಾತಿಯ ಹುಲ್ಲಿನಂಥ ಗಿಡದ ಸ್ವಲ್ಪ ಬೀಜ ತೆಗೆದುಕೊಳ್ಳಬಹುದೇ ಎಂದು ಕೇಳಿದೆ. ಅವರು ನಕ್ಕರು. "ಇದಕ್ಕೂ ಕೇಳುದುಂಟಾ? ಜೆಸಿಬಿ ಬರುವ ಮೊದಲು ಬೇಕಾದಷ್ಟು ತಕೊಂಡು ಹೋಗಿ. ಬೇಕಾದ್ರೆ ಆಳು ಕೊಡ್ತೇನೆ."

ಪಾದೆಯ ಮೇಲೆ ನಿಂತಾಗ ನನಗೆ ಮೊದಲು ನೆನಪಾದದ್ದು ಆ ವ್ಯಾಪಾರಿ. ಹೇಗೂ ಹಾಳಾಗುತ್ತದೆ ಎಂಬ ಮಾತನ್ನು ಈಗ ನಾನೇ ಆಡುತ್ತಿದ್ದೆ. ಅವನ ಬಾಯಲ್ಲಿ ಅದು ಕಳ್ಳತನದ ನೆಪವಾಗಿತ್ತು. ನನ್ನ ಬಾಯಲ್ಲಿ ರಕ್ಷಣೆಯಾಗುತ್ತದೆಯೇ? ಮಾತಿನಿಂದ ವ್ಯತ್ಯಾಸ ತಿಳಿಯುವುದಿಲ್ಲ, ಎರಡೂ ಒಂದೇ ವಾಕ್ಯ. ನನಗೆ ನಾನೇ ಒಂದು ಪರೀಕ್ಷೆ ಇಟ್ಟುಕೊಂಡೆ: ಈ ಗಿಡ ನನ್ನ ಬಾಲ್ಕನಿಗೆ ಬರದೆ ಬೇರೆಲ್ಲೋ ಬದುಕುವುದಾದರೆ ನಾನು ಇಷ್ಟು ದೂರ ಬರುತ್ತಿದ್ದೆನೇ? ಪ್ರಾಮಾಣಿಕ ಉತ್ತರ ಹೊಳೆಯಲು ಬಹಳ ಹೊತ್ತು ಹಿಡಿಯಿತು. ಬರುತ್ತಿದ್ದೆ, ಆದರೆ ಇಷ್ಟು ಉತ್ಸಾಹದಿಂದ ಅಲ್ಲ. ಪೂರ್ತಿ ನಂಬರು ಸಿಗಲಿಲ್ಲ, ಪಾಸು ಮಾಡಬಹುದಾದಷ್ಟು ಸಿಕ್ಕಿತು.

ಗಿಡ ಕೀಳಲಿಲ್ಲ. ಕಿತ್ತು ಉಪಯೋಗವೂ ಇರಲಿಲ್ಲ. ಇಂಡಿಕಾ ಒಂದು ವರ್ಷದ ಗಿಡ. ಮಳೆಗೆ ಹುಟ್ಟಿ, ಹೂಬಿಟ್ಟು, ಬೀಜ ಚೆಲ್ಲಿ, ಒಣಗಿಹೋಗುತ್ತದೆ. ಬೇಸಿಗೆಯೆಲ್ಲ ಅದು ಬೀಜವಾಗಿಯೇ ಸುಡುವ ಕಲ್ಲಿನ ಮೇಲೆ ಇರುತ್ತದೆ. ಹತ್ತು ಗಿಡಗಳ ಒಣಕಾಯಿಗಳಿಂದ ಕರಿಪುಡಿಯಂಥ ಬೀಜವನ್ನು ಕಾಗದದ ಲಕೋಟೆಗೆ ಉದುರಿಸಿಕೊಂಡೆ. ಮೇಲೆ ಊರು, ತಾರೀಕು, ಯಾರ ಜಾಗ ಎಂದು ಬರೆದೆ. ಕಡೆಗೂ ಕೆವೈಸಿ ಆಯಿತು.

2023ರ ಮುಂಗಾರಿಗೆ ಪುಣೆಯಲ್ಲಿ ಏಳು ಗಿಡ ಹುಟ್ಟಿದವು. ನೋಡಿ ಹಿಗ್ಗಿದ್ದೇನೋ ನಿಜ. ಆದರೆ ಅವು ಪಾದೆಯ ಗಿಡಗಳೇ? ಜೊತೆಗೆ ಬೆಳೆಯುತ್ತಿದ್ದ ಹುಲ್ಲಿಲ್ಲ, ಕಲ್ಲುಗುಂಡಿಯ ನೀರಿಲ್ಲ, ಕಡಲ ಮೋಡ ಇಲ್ಲ, ಕಾಲಡಿಯಲ್ಲಿ ತುಳಿಯುವ ಶಾಲೆಯ ಮಕ್ಕಳಿಲ್ಲ. ಕುಂಡಕ್ಕೆ ಹಾಕಿದ ಪೀಟ್ ಕೂಡ ತಣ್ಣನೆಯ ದೇಶಗಳ ಜೌಗು ಅಗೆದು ತಂದದ್ದು; ಅಂಥ ಜೌಗುಗಳೂ ಇಬ್ಬನಿ ಗಿಡಗಳ ಮನೆಯೇ. ಒಂದರ ಮನೆ ಅಗೆದ ಪುಡಿಯಲ್ಲಿ ಇನ್ನೊಂದನ್ನು ಉಳಿಸುತ್ತೇನೆ ಎಂದು ಹೊರಟದ್ದು ತಿಳಿದ ಮೇಲೆ ಹೊಸ ಪೀಟ್ ಕೊಳ್ಳುವುದು ನಿಲ್ಲಿಸಿದ್ದೇನೆ, ಇದ್ದದ್ದನ್ನೇ ಮರಳಿಗೆ ಬೆರೆಸಿ ಕಾಲ ಹಾಕುತ್ತಿದ್ದೇನೆ. ಕುಂಡಗಳು 61ರಿಂದ 14ಕ್ಕೆ ಇಳಿದಿವೆ. ಪುಣೆಯಲ್ಲಿ ಹುಟ್ಟಿದ ನನ್ನ ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮರಾಠಿಯಲ್ಲಿ ಬರುತ್ತದೆ. ಅವಳು ಕನ್ನಡದವಳಲ್ಲ ಎಂದು ನಾನು ಹೇಳಲಾರೆ. ಪಾದೆಯ ಮೇಲೆ ಓಡಿದ ಕನ್ನಡವೇ ಅದು ಎಂದೂ ಹೇಳಲಾರೆ. ಕುಂಡದ ಗಿಡದ ವಿಷಯದಲ್ಲೂ ಅಷ್ಟೇ.

ಬಿ.ಕಾಂ.ನ ಮೊದಲ ವರ್ಷದಲ್ಲಿ ನಮಗೆ ಬ್ಯಾಲೆನ್ಸ್ ಶೀಟ್ ಕಲಿಸಿದ ಮೇಷ್ಟ್ರು ಒಂದು ವಿಷಯವನ್ನು ಒತ್ತಿ ಹೇಳುತ್ತಿದ್ದರು. ಜನ ಬ್ಯಾಂಕಿಗೆ ತಂದು ಸುರಿದ ಠೇವಣಿ ಎಷ್ಟೇ ಕೋಟಿ ಇರಲಿ, ಅದು ಬ್ಯಾಂಕಿನ ಆಸ್ತಿಯ ಬದಿಯಲ್ಲಿ ಬರುವುದಿಲ್ಲ, ಹೊಣೆಯ ಬದಿಯಲ್ಲಿ ಬರುತ್ತದೆ. ತಿಜೋರಿಯಲ್ಲಿರುವುದೆಲ್ಲ ತನ್ನದೇ ಎಂದುಕೊಂಡ ಬ್ಯಾಂಕು ಮುಳುಗಿದಂತೆಯೇ. ಅಷ್ಟು ವರ್ಷ ನಾನು ನನ್ನ ಲೆಡ್ಜರಿನಲ್ಲಿ 61 ಕುಂಡಗಳನ್ನು ಆಸ್ತಿಯ ಬದಿಗೆ ಬರೆದುಕೊಂಡಿದ್ದೆ. ಅಲ್ಲೇ ತಪ್ಪಿದ್ದು. ಅದರಲ್ಲೂ ಒಂದು ವರ್ಷದ ಗಿಡವನ್ನು ಇಟ್ಟುಕೊಳ್ಳಲು ಸಾಧ್ಯವೇ ಇಲ್ಲ, ಮುಂದುವರಿಸಲು ಮಾತ್ರ ಸಾಧ್ಯ. ಒಂದು ಮಳೆಗಾಲ ಬಿತ್ತಲು ಮರೆತರೆ ಖಾತೆ ಬಂದ್. ಠೇವಣಿ ಎಂದ ಮೇಲೆ ಯಾರದು ಎಂದು ತಿಳಿದಿರಬೇಕು, ಕೇಳಿದಾಗ ವಾಪಸ್ ಕೊಡಲು ಸಿದ್ಧವಿರಬೇಕು.

ವಾಪಸ್ ಕೊಡಲು ಕಳೆದ ಅಕ್ಟೋಬರಿನಲ್ಲಿ ಹೋಗಿದ್ದೆ. ನಾಲ್ಕು ವರ್ಷದ ಹಿಂದೆ ಬೀಜ ತೆಗೆದ ಜಾಗ ಈಗ ಆಳವಾದ ಚೌಕ ಗುಂಡಿ, ಅಡಿಯಲ್ಲಿ ಹಸಿರು ನೀರು. ಆದರೆ ಪಾದೆಯ ಆಚೆ ಬದಿ, ದೇವಸ್ಥಾನಕ್ಕೆ ಸೇರಿದ ಸಣ್ಣ ಪಾಲು, ಹಾಗೆಯೇ ಇತ್ತು. ಲಕೋಟೆ ಹಿಡಿದುಕೊಂಡು ಅಲ್ಲಿಗೆ ಹೋದೆ. ಅಲ್ಲಿ ಇಬ್ಬನಿ ಗಿಡಗಳು ತಮ್ಮ ಪಾಡಿಗೆ ತಾವು ಇದ್ದವು, ಕಾಯಿ ಒಡೆದು ಬೀಜ ಚೆಲ್ಲುತ್ತಿದ್ದವು. ನನ್ನ ಬೀಜದ ಅಗತ್ಯ ಅವಕ್ಕೆ ಇರಲಿಲ್ಲ. ನಾಲ್ಕು ವರ್ಷ ನಗರದ ಬಾಲ್ಕನಿಯಲ್ಲಿ ಬೇರೆ ಗಿಡಗಳ ಜೊತೆ ಬೆಳೆದದ್ದನ್ನು ಇಲ್ಲಿ ಚೆಲ್ಲಿದರೆ ಯಾವ ರೋಗ, ಯಾವ ಕಳೆ ಜೊತೆಗೆ ಬಂದೀತೋ ಎಂಬ ಅಳುಕೂ ಬಂತು. ಚೆಲ್ಲಲಿಲ್ಲ.

ತಮ್ಮ ಕೇಳಿದ: "ಅಷ್ಟು ದೂರದಿಂದ ತಂದದ್ದು, ಹಾಕುದಿಲ್ವಾ ಅಣ್ಣ?"

"ಈಗ ಬೇಡ," ಎಂದೆ. ದೇವಸ್ಥಾನದ ಆಡಳಿತದವರ ಮನೆಗೆ ಹೋಗಿ, ಆ ಪಾಲನ್ನು ಸಮತಟ್ಟು ಮಾಡಿಸುವ ಯೋಚನೆ ಇದೆಯೇ ಎಂದು ವಿಚಾರಿಸಿದೆ. ವಾಹನ ನಿಲ್ಲಿಸಲು ಜಾಗ ಬೇಕು ಎಂದು ಭಕ್ತರು ಕೇಳುತ್ತಿದ್ದಾರಂತೆ. ಅವರನ್ನು ಕರೆದುಕೊಂಡು ಬಂದು, ಬಗ್ಗಿಸಿ, ಗಿಡ ತೋರಿಸಿದೆ. ಒಂದು ಎಲೆಯಲ್ಲಿ ಸೊಳ್ಳೆ ಸಿಕ್ಕಿಬಿದ್ದಿತ್ತು. ಅವರು ಬಹಳ ಹೊತ್ತು ನೋಡಿದರು. "ಇದು ನಮ್ಮಲ್ಲಿ ಉಂಟು ಅಂತ ಗೊತ್ತೇ ಇರ್ಲಿಲ್ಲ ಮಾರಾಯ್ರೆ," ಎಂದರು. ನನಗೂ ಗೊತ್ತಿರಲಿಲ್ಲ ಎಂದೆ. ಮುಂದಿನ ಸಭೆಯಲ್ಲಿ ಹೇಳುತ್ತೇನೆ ಎಂದಿದ್ದಾರೆ. ಏನಾಗುತ್ತದೋ ನೋಡಬೇಕು.

ಲಕೋಟೆ ನನ್ನ ಜೊತೆ ಪುಣೆಗೆ ವಾಪಸ್ ಬಂತು. ಪಾಸ್‌ಬುಕ್ಕುಗಳಿರುವ ಕಪಾಟಿನಲ್ಲಿ ಅದನ್ನೂ ಇಟ್ಟಿದ್ದೇನೆ. ಮಳೆ ಶುರುವಾದ ಕೂಡಲೇ ಅರ್ಧ ಬಿತ್ತುತ್ತೇನೆ, ಅರ್ಧ ಇಟ್ಟುಕೊಳ್ಳುತ್ತೇನೆ.